ಸಣ್ಣ ಗಾಯಕ್ಕೆ ಮನೆಯ ಲೇಪ

ಮಳೆಗಾಲ ಹಿಡಿಯಿತೆಂದರೆ ಕೊಟ್ಟಾರದ ನಮ್ಮ ಚಿಕಿತ್ಸಾಲಯಕ್ಕೆ ಕಾಲಿಗೆ ಗಾಯವಾದವರು ಹೆಚ್ಚಾಗಿ ಬರುತ್ತಾರೆ. ಬಹುತೇಕರು ಅದಾಗಲೇ ಏನನ್ನಾದರೂ ಹಚ್ಚಿಕೊಂಡಿರುತ್ತಾರೆ: ಕಾಫಿಪುಡಿ, ಸುಣ್ಣ, ಕಮ್ಯುನಿಸ್ಟ್ ಗಿಡದ ರಸ, ಕೆಲವೊಮ್ಮೆ ವಿಭೂತಿ. ಅದನ್ನು ತೊಳೆದು ತೆಗೆಯುವುದೇ ನಮ್ಮ ಮೊದಲ ಕೆಲಸ.

ಮನೆಯ ಲೇಪವನ್ನು ನಾವು ಅಲ್ಲಗಳೆಯುವವರಲ್ಲ. ವ್ರಣಕ್ಕೆ ಅರವತ್ತು ಉಪಕ್ರಮಗಳನ್ನು ಹೇಳಿದ ಸುಶ್ರುತಾಚಾರ್ಯರು ಅವುಗಳಲ್ಲಿ ಆಲೇಪಕ್ಕೂ ಸ್ಥಾನ ಕೊಟ್ಟಿದ್ದಾರೆ. ಲೇಪವು ಎಮ್ಮೆಯ ಹಸಿ ಚರ್ಮದಷ್ಟು ದಪ್ಪವಿರಬೇಕು, ಒಣಗುತ್ತಿರುವಾಗ ಅದನ್ನು ಹಾಗೆಯೇ ಬಿಡಬಾರದು ಎಂಬುದು ಅವರ ಮತ. ಈ ಎರಡನೆಯ ಮಾತನ್ನು ನಮ್ಮ ಮನೆಗಳು ಮರೆತಿವೆ. ಇಂದು ಹಚ್ಚಿದ ಪಟ್ಟು ನಾಳೆಯವರೆಗೂ ಒಣಗಿ ಅಂಟಿಕೊಂಡಿರುತ್ತದೆ, ಅಡಿಯಲ್ಲಿ ಕೀವು ತುಂಬುತ್ತದೆ.

ಚರ್ಮ ತರಚಿ, ರಕ್ತ ನಿಂತ ಗಾಯಕ್ಕೆ ಮಾತ್ರ ಈ ಕ್ರಮ. ಕೈಗಳನ್ನು ಸಾಬೂನಿನಿಂದ ತೊಳೆದು, ಗಾಯವನ್ನು ಹರಿಯುವ ಶುದ್ಧ ನೀರಿನಲ್ಲಿ ಐದು ನಿಮಿಷ ತೊಳೆಯಬೇಕು. ಒಂದು ಹಿಡಿ ಎಳೆಯ ಬೇವಿನೆಲೆಯನ್ನು ಹತ್ತು ನಿಮಿಷ ಕುದಿಸಿ, ಬೆಂದ ಎಲೆಗೆ ಮನೆಯಲ್ಲೇ ಪುಡಿಮಾಡಿದ ಅರಿಶಿನ ಕಾಲು ಚಮಚ ಸೇರಿಸಿ, ಕುದಿನೀರು ಹೊಯ್ದು ತೊಳೆದ ಕಲ್ಲಿನಲ್ಲಿ ಅರೆಯಬೇಕು. ಮಸಾಲೆ ಅರೆಯುವ ಕಲ್ಲು ಬೇಡ. ಮೆಣಸಿನ ಉರಿಯನ್ನು ಔಷಧದ ಗುಣವೆಂದು ಸಹಿಸಿಕೊಂಡ ತಾಯಿಯೊಬ್ಬರನ್ನು ನಾವು ಬಲ್ಲೆವು. ಕುದಿಸಿ ಒಣಗಿಸಿದ ತೆಳುಬಟ್ಟೆಯ ಮೇಲೆ ಲೇಪವನ್ನು ಹರಡಿ ಗಾಯದ ಮೇಲಿಟ್ಟು, ಒಣಗುವ ಮೊದಲೇ, ಸುಮಾರು ಅರ್ಧ ಗಂಟೆಗೆ, ತೆಗೆದು ಕುದಿಸಿ ಆರಿಸಿದ ನೀರಿನಿಂದ ತೊಳೆಯಬೇಕು. ಉಳಿದುದನ್ನು ನಾಳೆಗೆ ಇಡಬಾರದು.

ವಿಭೂತಿಯ ವಿಷಯವನ್ನು ಹೇಳಲು ನಮಗೆ ಸಂಕೋಚವಿಲ್ಲ. ಅದು ಧಾರಣೆಗೆ, ಹಲವರ ಕೈ ಸೋಕಿದ, ತೆರೆದಿಟ್ಟ ಬೂದಿಯನ್ನು ತೆರೆದ ಗಾಯಕ್ಕೆ ಹಾಕುವುದು ಭಕ್ತಿಯಲ್ಲ. ಹಸಿ ಸಗಣಿಯಂತೂ ಕೂಡದೇ ಕೂಡದು. ಸಗಣಿಯಲ್ಲೂ ಮಣ್ಣಿನಲ್ಲೂ ಧನುರ್ವಾಯುವಿನ ಬೀಜಾಣುಗಳಿರುತ್ತವೆ.

ಮೊಳೆ ಚುಚ್ಚಿದರೆ, ಪ್ರಾಣಿ ಕಚ್ಚಿದರೆ, ಗಾಯ ಆಳವಾಗಿದ್ದರೆ ಸೊಪ್ಪು ಹುಡುಕುತ್ತ ಕೂರದೆ ತೊಳೆದು ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಕೊಟ್ಟಾರ ಚೌಕಿಯಲ್ಲಿ ಮಳೆನೀರು ನಿಂತಾಗ ಗಾಯದ ಕಾಲಿನಿಂದ ನಡೆದವರಿಗೆ ಮುಂದೆ ಜ್ವರ, ಮೈಕೈ ನೋವು ಕಾಣಿಸಿದರೆ ಅದು ಇಲಿಜ್ವರವಿರಬಹುದು. ವೈದ್ಯರಿಗೆ ಆ ನಡಿಗೆಯ ಸಂಗತಿಯನ್ನೂ ತಿಳಿಸಬೇಕು.

ವೃತ್ತಿಯ ಆರಂಭದ ವರ್ಷಗಳಲ್ಲಿ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಕಿರುಬೆರಳಿಗೆ ಎಂಟು ದಿನ ಸೊಪ್ಪು ಕಟ್ಟಿಕೊಂಡು ನಮ್ಮಲ್ಲಿಗೆ ಬಂದಿದ್ದರು. ನೋವಿಲ್ಲವೆಂದು ಅವರಿಗೆ ಸಮಾಧಾನವಿತ್ತು. ಸ್ಪರ್ಶಜ್ಞಾನವೇ ಹೋಗಿತ್ತೆಂದು ಅವರಿಗೆ ತಿಳಿದಿರಲಿಲ್ಲ. ಕಟ್ಟು ಬಿಚ್ಚಿದಾಗ ಬೆರಳು ಕಪ್ಪಾಗಿತ್ತು. ಅಂದೇ ಶಸ್ತ್ರವೈದ್ಯರ ಬಳಿಗೆ ಕಳುಹಿಸಿದೆವು; ಬೆರಳನ್ನು ತೆಗೆಯಬೇಕಾಯಿತು. ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೆ ಅಂದಿನಿಂದ ನಾವು ಮನೆಯ ಲೇಪವನ್ನು ಹೇಳಿಲ್ಲ.