ಹಣ್ಣಾದ ಜೀವಗಳ ಮಾತಿಗೆ ಕಿವಿಗೊಡೋಣ

ಮುಪ್ಪು ರೋಗವಲ್ಲ. ಆದರೆ ಮುಪ್ಪಿನಲ್ಲಿ ದೇಹದ ಬಲ ಕುಗ್ಗಿ, ಸಣ್ಣದೊಂದು ಜ್ವರವೂ ಮನುಷ್ಯನನ್ನು ಹಾಸಿಗೆ ಹಿಡಿಸುವ ಸ್ಥಿತಿಯೊಂದುಂಟು. ಅದನ್ನು ಜರಾದೌರ್ಬಲ್ಯ ಎನ್ನಬಹುದು. ಕಾರಣವಿಲ್ಲದೆ ತೂಕ ಇಳಿಯುವುದು, ಬೇಗ ದಣಿಯುವುದು, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು: ಈ 5 ಲಕ್ಷಣಗಳಲ್ಲಿ 3 ಕಂಡರೆ ದೌರ್ಬಲ್ಯ ನೆಲೆಸಿದೆಯೆಂದು ಆಧುನಿಕ ವೈದ್ಯಶಾಸ್ತ್ರ ಎಣಿಸುತ್ತದೆ. ಇವು ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವಂಥವಲ್ಲ. ಹಿರಿಯರ ಬಾಯಿಂದ, ಜೊತೆಗಿರುವವರ ಬಾಯಿಂದ ತಿಳಿಯಬೇಕಾದವು.

ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ರೋಗಿಗಿರಬೇಕಾದ ಗುಣಗಳಲ್ಲಿ ಒಂದು ಜ್ಞಾಪಕತ್ವ, ಅಂದರೆ ತನ್ನ ಬಾಧೆಯನ್ನು ತಿಳಿಯಪಡಿಸುವ ಶಕ್ತಿ. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ ಇರಬೇಕು. ಈ ಇಬ್ಬರನ್ನೂ ಕೇಳದೆ ನಡೆಸುವ ಚಿಕಿತ್ಸೆ ಎರಡೇ ಕಾಲಿನ ಮಂಚವಿದ್ದಂತೆ.

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಮನೆಗಳನ್ನು ನೋಡಿರಿ. ಮಕ್ಕಳು ಬೆಳಗಾಗುವ ಮೊದಲೇ ಬೆಂಗಳೂರಿಗೋ ಬಿಡದಿಯ ಕಾರ್ಖಾನೆಗೋ ಹೊರಡುತ್ತಾರೆ. ಮನೆಯಲ್ಲುಳಿದ ಸೊಸೆಗೆ ರೇಷ್ಮೆಹುಳುವಿನ ಕೆಲಸ. ಹುಳುಗಳನ್ನು ಚಂದ್ರಿಕೆಗೆ ಬಿಡುವ ಸಮಯದಲ್ಲಿ ಅತ್ತೆಗೆ ದಿನಕ್ಕೆರಡು ಬಾರಿ ಕಷಾಯ ಕಾಸಿಕೊಡಲು ಆಕೆಗೆ ಬಿಡುವೆಲ್ಲಿ? ವೈದ್ಯರೆದುರು "ಆಗಲಿ ಸ್ವಾಮಿ" ಎನ್ನುತ್ತಾಳೆ, ಮನೆಯಲ್ಲಿ ಅದು ನಡೆಯುವುದಿಲ್ಲ. "ಈ ಕ್ರಮ ನಿಮಗೆ ಸಾಧ್ಯವೇನಮ್ಮಾ?" ಎಂದು ಕೇಳಿದರೆ ಚೂರ್ಣವನ್ನೋ ಗುಳಿಗೆಯನ್ನೋ ಬರೆದುಕೊಡಬಹುದು. ಔಷಧದ ಗುಣವೆಷ್ಟೇ ಇರಲಿ, ಹೊಟ್ಟೆಗೆ ಸೇರದ ಮೇಲೆ ಫಲವಿಲ್ಲ.

ರೋಗಿಗಳ ಅನಿಸಿಕೆ ಕೇಳುವ ಪದ್ಧತಿ ಸರ್ಕಾರದಲ್ಲಿಯೂ ಇದೆ. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಆರಂಭಿಸಿದ 'ಮೇರಾ ಅಸ್ಪತಾಲ್' ವ್ಯವಸ್ಥೆಯು ಮೊಬೈಲ್ ಸಂದೇಶ, ದೂರವಾಣಿ ಕರೆಗಳ ಮೂಲಕ ಅಭಿಪ್ರಾಯ ಪಡೆಯುತ್ತದೆ. ಉದ್ದೇಶ ಸ್ತುತ್ಯವಾದುದು. ಆದರೆ ಕಿವಿ ಮಂದವಾದ, ಅಕ್ಷರ ಕಾಣದ ಅಜ್ಜನಿಗೆ ಈ ದಾರಿ ದೂರ. ಮೊಬೈಲು ಮಗನ ಜೇಬಿನಲ್ಲಿದ್ದರೆ ಉತ್ತರವೂ ಮಗನದೇ ಆಗುತ್ತದೆ. ಹಿರಿಯರನ್ನು ಎದುರು ಕೂರಿಸಿಕೊಂಡು, ನಿಧಾನವಾಗಿ, ಅವರ ಮಾತಿನಲ್ಲಿಯೇ ಕೇಳಬೇಕು. ಸರ್ಕಾರಿ ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳು ಇಂಥ ಮಾತುಗಳನ್ನು ತಮ್ಮ ಸಭೆಯ ಮುಂದಿಟ್ಟು ಚರ್ಚಿಸಬೇಕೆಂಬುದು ನನ್ನ ಅಭಿಪ್ರಾಯ.

ಕೇಳುವಾಗ ಹಿರಿಯರನ್ನೂ ಮನೆಯವರನ್ನೂ ಬೇರೆಬೇರೆಯಾಗಿ ಕೇಳುವುದು ಲೇಸು. ಮಗನೆದುರು ತಾಯಿ "ಚೆನ್ನಾಗಿದ್ದೇನೆ" ಎನ್ನುತ್ತಾಳೆ. ರಾತ್ರಿ ಬಚ್ಚಲಿಗೆ ಹೋಗುವಾಗ ಎರಡು ಬಾರಿ ಬಿದ್ದದ್ದನ್ನು, ಮುದ್ದೆ ನುಂಗಲಾರದೆ ಅರ್ಧಹೊಟ್ಟೆಯಲ್ಲಿ ಮಲಗಿದ್ದನ್ನು ಮುಚ್ಚಿಡುತ್ತಾಳೆ. ಅತ್ತೆಯೆದುರು ಸೊಸೆಯೂ ತನ್ನ ನಿದ್ದೆಗೇಡನ್ನು ಹೇಳಿಕೊಳ್ಳಲಾರಳು. ಇಬ್ಬರ ಮಾತೂ ಆರೈಕೆಗೆ ಬೇಕು.

ವಯಸ್ಸಾದವರ ಗೊಣಗಾಟ ಇದ್ದದ್ದೇ ಎಂದು ಕೆಲವರು ಹೇಳುವುದುಂಟು. ಮತ್ತೆ ಮತ್ತೆ ಬರುವ ಗೊಣಗಾಟವನ್ನು ಒಂದು ಲಕ್ಷಣವೆಂದೇ ವೈದ್ಯನು ಭಾವಿಸಬೇಕು. ಅದನ್ನು ತಳ್ಳಿಹಾಕಿದ ದಿನ ಹಿರಿಯರು ಸುಮ್ಮನಾಗುತ್ತಾರೆ. ಆ ಮೌನವು ದೂರಿಗಿಂತ ಅಪಾಯಕರ.

ಪ್ರತಿ ಭೇಟಿಯಲ್ಲಿಯೂ ವೈದ್ಯರು ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ನಿತ್ಯದ ಯಾವ ಕೆಲಸ ಈಗ ಕಷ್ಟವಾಗಿದೆ? ಕಳೆದ ಬಾರಿ ಹೇಳಿದ್ದರಲ್ಲಿ ಯಾವುದು ಮಾಡಲಾಗಲಿಲ್ಲ? ನಿಮಗೆ ಎಲ್ಲಕ್ಕಿಂತ ಬೇಕಾದುದು ಯಾವುದು? ದೇವಸ್ಥಾನದವರೆಗೆ ನಡೆದುಹೋಗಬೇಕೆಂಬುದೇ ಅಜ್ಜನ ಆಸೆಯಾದರೆ ಚಿಕಿತ್ಸೆಯ ಗುರಿಯೂ ಅದೇ ಆಗಲಿ. ಕೇಳಿದ ಮೇಲೆ ಏನು ಬದಲಾಯಿಸಿದೆವೆಂಬುದನ್ನು ಅವರಿಗೆ ತಿಳಿಸಬೇಕು. ಕೇಳಿ ಮರೆಯುವುದು ಕೇಳದಿರುವುದಕ್ಕಿಂತ ಕೇಡು.

ಸದ್ಭಕ್ತರಲ್ಲಿ ನನ್ನ ವಿನಂತಿ ಇಷ್ಟೇ. ಮನೆಯಲ್ಲೊಂದು ಪುಸ್ತಕವಿಡಿರಿ. ಊಟ, ನಿದ್ದೆ, ಮಲಪ್ರವೃತ್ತಿ, ಬಿದ್ದದ್ದು, ಬಿಟ್ಟ ಔಷಧ ಇವನ್ನು ಬರೆಯಿರಿ. ವೈದ್ಯರ ಬಳಿಗೆ ಹೋಗುವಾಗ ಆ ಪುಸ್ತಕವನ್ನೂ, ಅಲೋಪತಿ, ಆಯುರ್ವೇದವೆನ್ನದೆ ಸೇವಿಸುವ ಎಲ್ಲ ಔಷಧಗಳನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ವೈದ್ಯರು ಹಿರಿಯರನ್ನು ಪ್ರಶ್ನಿಸಿದಾಗ ನೀವು ಉತ್ತರಿಸಲು ಮುಂದಾಗಬೇಡಿರಿ. ಅವರ ಉತ್ತರ ತಡವಾಗಿ ಬಂದೀತು, ತೊದಲಿ ಬಂದೀತು. ಕಾಯೋಣ.