ಆಟಿಸಂ ಎಂಬ ಬೈಗುಳ, ಅದರೊಳಗಿನ ಸುಳ್ಳು

ಫ್ರೆಂಚ್ ಸಾರ್ವಜನಿಕ ಬದುಕಿನಲ್ಲಿ ‘ಓತಿಸ್ತ್’ ಎಂಬ ಪದಕ್ಕೆ ಎರಡು ಬಳಕೆಗಳಿವೆ. ಆಟಿಸಂ ಇರುವ ವ್ಯಕ್ತಿ ಎಂಬುದು ಅದರ ವೈದ್ಯಕೀಯ ಅರ್ಥವಾದರೆ, ಯಾರ ಮಾತಿಗೂ ಕಿವಿಗೊಡದೆ ಹಿಡಿದದ್ದನ್ನೇ ಹಿಡಿದು ಕೂತ ಅಧಿಕಾರಸ್ಥ ಎಂಬುದು ಪತ್ರಿಕೆಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ, ಪಕ್ಷಗಳ ವೇದಿಕೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಬೈಗುಳದ ಅರ್ಥ. 2009ರ ನವೆಂಬರಿನಲ್ಲಿ ಫ್ರಾನ್ಸಿನ ಯುರೋಪ್ ವ್ಯವಹಾರಗಳ ಸಚಿವರಾಗಿದ್ದ ಪಿಯೇರ್ ಲಲೂಶ್ ಅವರು ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ಯುರೋಪ್ ನೀತಿಯನ್ನು, ಅದೂ ಗಾರ್ಡಿಯನ್ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ, ವಿಚಿತ್ರ ಬಗೆಯ ಆಟಿಸಂ ಎಂದು ಕರೆದರು. 2017ರ ಮಾರ್ಚಿನಲ್ಲಿ, ಪತ್ನಿಗೆ ಸಂಸತ್ತಿನ ಹಣದಿಂದ ನೆಪಮಾತ್ರದ ಕೆಲಸಕ್ಕೆ ಸಂಬಳ ಕೊಡಿಸಿದ ಆರೋಪದಲ್ಲಿ ಸಿಲುಕಿದ್ದ ಅಧ್ಯಕ್ಷೀಯ ಅಭ್ಯರ್ಥಿ ಫ್ರಾನ್ಸ್ವಾ ಫಿಯೋಂ ಅವರು ಟೀಕೆಗಳು ತಮ್ಮ ಕಿವಿಗೆ ಬಿದ್ದಿವೆ ಎಂದು ಹೇಳಲು ಹೊರಟು, ತಾವೇನೂ ಆಟಿಸ್ಟಿಕ್ ಅಲ್ಲ ಎಂದು ಟಿ.ವಿ.ಯಲ್ಲಿ ಘೋಷಿಸಿದರು. ಆಟಿಸಂ ಸಂಘಟನೆಗಳು ಪ್ರತಿಭಟಿಸಿದವು.

ಇಂಥ ಪ್ರಸಂಗಗಳ ಬೆನ್ನಿಗೆ ಏಳುವ ವಾಗ್ವಾದ ಸಾಮಾನ್ಯವಾಗಿ ಭಾವನೆಗಳ ಸುತ್ತಲೇ ಗಿರಕಿ ಹೊಡೆಯುತ್ತದೆ: ಒಂದು ಕಡೆಯವರು ನೋವಾಯಿತು ಎನ್ನುತ್ತಾರೆ, ಇನ್ನೊಂದು ಕಡೆಯವರು ಒಂದು ಮಾತಿಗೆ ಇಷ್ಟೊಂದು ನೊಂದುಕೊಳ್ಳುವುದೇ ಎಂದು ಹುಬ್ಬೇರಿಸುತ್ತಾರೆ. ನೋವು ನಿಜವೇ ಆದರೂ ಅದನ್ನು ಅಳೆಯುವ ಕೋಲಿಲ್ಲದ ಕಾರಣ ವಾದ ಅಲ್ಲಿಗೇ ಸೊರಗುತ್ತದೆ. ಈ ಬೈಗುಳದ ಮೇಲಿನ ದೊಡ್ಡ ಆಕ್ಷೇಪ ಬೇರೆಯದು, ಅದನ್ನು ಪರೀಕ್ಷಿಸಿಯೂ ನೋಡಬಹುದು: ಅದು ಒಂದು ಜನಸಮುದಾಯದ ಬಗ್ಗೆ ಸುಳ್ಳು ಹೇಳುತ್ತದೆ, ಮತ್ತು ಆ ಸುಳ್ಳು ವೈದ್ಯಶಾಸ್ತ್ರವೇ ಎಂದೋ ಕೈಬಿಟ್ಟ ಸಿದ್ಧಾಂತವೊಂದರ ಉಳಿಕೆ.

ಆಟಿಸಂ ಎಂಬುದು ಹುಟ್ಟಿನಿಂದ ಬರುವ, ಬದುಕಿನುದ್ದಕ್ಕೂ ಇರುವ ನರವಿಕಾಸದ ಭಿನ್ನತೆ. ಇತರರೊಂದಿಗೆ ಒಡನಾಡುವ ರೀತಿ, ಆಸಕ್ತಿಗಳ ತೀವ್ರತೆ, ಒಂದೇ ಕ್ರಮವನ್ನು ಬಯಸುವ ಸ್ವಭಾವ, ಸದ್ದು, ಬೆಳಕು, ಸ್ಪರ್ಶಗಳಿಗೆ ಇಂದ್ರಿಯಗಳು ತೋರುವ ಅತಿಯಾದ ಅಥವಾ ತೀರ ಕಡಿಮೆಯಾದ ಪ್ರತಿಕ್ರಿಯೆ ಇವು ಅದರ ಲಕ್ಷಣಗಳು. ಕೆಲವರಿಗೆ ಮಾತೇ ಬರದಿರಬಹುದು, ಕೆಲವರು ಪ್ರಾಧ್ಯಾಪಕರಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಪದ ಮಾತ್ರ ಈ ತಿಳಿವಳಿಕೆಗಿಂತ ಹಳೆಯದು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ 1911ರ ತಮ್ಮ ಗ್ರಂಥದಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳು ಹೊರಜಗತ್ತಿನಿಂದ ಸರಿದು ಕಲ್ಪನೆಯೊಳಗೆ ಮುಳುಗುವುದನ್ನು ಸೂಚಿಸಲು ‘ತಾನು’ ಎಂಬರ್ಥದ ಗ್ರೀಕ್ ಮೂಲದಿಂದ ಬಂದ ಈ ಪದವನ್ನು ಬಳಸಿದರು. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ತಾವು ಕಂಡ ಹನ್ನೊಂದು ಮಕ್ಕಳ ವರ್ಣನೆಗೆ ಅದೇ ಪದವನ್ನು ಎರವಲು ಪಡೆದರು. ಹೀಗೆ ಬೇರೊಂದು ಕಾಯಿಲೆಯ ಒಂದು ಲಕ್ಷಣದ ಹೆಸರು, ಆ ಕಾಯಿಲೆಯೇ ಇಲ್ಲದ ಮಕ್ಕಳ ತಲೆಗೆ ಬಿತ್ತು. ಕನ್ನಡದಲ್ಲಿ ಬಳಕೆಗೆ ಬಂದಿರುವ ‘ಸ್ವಲೀನತೆ’ಯೂ ಬ್ಲಾಯ್ಲರರ ಆ ಹಳೆಯ ಚಿತ್ರವನ್ನೇ ಹೊತ್ತುಕೊಂಡಿದೆ ಎಂಬುದನ್ನು ಇಲ್ಲಿ ಗಮನಿಸಬಹುದು.

ಈ ಬೈಗುಳ ಒರಟರ ಬಾಯಿಂದ ಮಾತ್ರ ಬರುತ್ತದೆ ಎಂದು ಭಾವಿಸುವವರು 2000ನೆಯ ಇಸವಿಯ ಪ್ಯಾರಿಸ್ಸನ್ನು ನೆನೆಯಬೇಕು. ಆ ವರ್ಷದ ಜೂನ್‌ನಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಹೊರಡಿಸಿದ ಮನವಿಪತ್ರವು, ತಮಗೆ ಕಲಿಸುವ ಶಾಸ್ತ್ರ ಕಾಲ್ಪನಿಕ ಲೋಕಗಳಲ್ಲಿ ಕಳೆದುಹೋಗಿದೆ, ಗಣಿತ ಅಲ್ಲಿ ಸಾಧನವಾಗಿ ಉಳಿಯದೆ ಗುರಿಯೇ ಆಗಿಬಿಟ್ಟಿದೆ, ಒಂದೇ ಪಂಥದ ಹೊರತು ಬೇರೆ ಚಿಂತನೆಗೆ ಜಾಗವಿಲ್ಲ ಎಂದು ದೂರಿತು. ದೂರಿನಲ್ಲಿ ಹುರುಳಿತ್ತು, ಶಿಕ್ಷಣ ಸಚಿವ ಜಾಕ್ ಲಾಂಗ್ ಅರ್ಥಶಾಸ್ತ್ರಜ್ಞ ಜ್ಯಾಂ-ಪೋಲ್ ಫಿತುಸ್ಸಿ ಅವರಿಗೆ ಪರಿಶೀಲನೆಯ ಹೊಣೆ ಒಪ್ಪಿಸುವಷ್ಟು ಅದು ಸದ್ದು ಮಾಡಿತು. ಆದರೆ ಚಳವಳಿ ತನ್ನ ಎದುರಾಳಿಗೆ ಇಟ್ಟ ಹೆಸರು ‘ಆಟಿಸ್ಟಿಕ್ ವಿಜ್ಞಾನ’, ತನಗೆ ಇಟ್ಟುಕೊಂಡ ಹೆಸರು ‘ಆಟಿಸಂ-ಉತ್ತರ ಅರ್ಥಶಾಸ್ತ್ರ’. ಆ ಹೆಸರಿನ ನಿಯತಕಾಲಿಕ ಹಲವು ದೇಶಗಳ ವಿದ್ವಾಂಸರನ್ನು ಸೆಳೆಯಿತು, ಮತ್ತು ಅದು ‘ವಾಸ್ತವ ಜಗತ್ತಿನ ಅರ್ಥಶಾಸ್ತ್ರ’ ಎಂಬರ್ಥದ ಹೊಸ ಹೆಸರನ್ನು ಧರಿಸಿದ್ದು 2008ರಲ್ಲಿ.

ಶೋಷಿತರ ಪರ, ಬಹುತ್ವದ ಪರ ನಿಂತವರೇ ಎಂಟು ವರ್ಷ ಆ ಹೆಸರಿನ ಧ್ವಜ ಹಿಡಿದರೆಂಬುದು ಸಣ್ಣ ವ್ಯಂಗ್ಯವಲ್ಲ. ಅದಕ್ಕಿಂತ ದೊಡ್ಡ ವ್ಯಂಗ್ಯ ರೂಪಕದೊಳಗೇ ಇದೆ. ವಿದ್ಯಾರ್ಥಿಗಳು ಹಳಿದದ್ದು ವಿವರಗಳನ್ನು ಕಡೆಗಣಿಸಿ, ಅನುಭವಕ್ಕೆ ಬೆನ್ನು ತಿರುಗಿಸಿದ ಅಮೂರ್ತ ಮಾದರಿಗಳನ್ನು. ಆಟಿಸಂ ಇರುವ ಅನೇಕರ ಪಾಡಾದರೋ ಅದಕ್ಕೆ ತೀರ ವಿರುದ್ಧವಾದುದು. ಟ್ಯೂಬ್‌ಲೈಟಿನ ಗುಂಯ್‌ಗುಟ್ಟುವಿಕೆ, ಅಂಗಿಯ ಕೊರಳಪಟ್ಟಿಯ ಒರಟುತನ, ಪಕ್ಕದ ಕೋಣೆಯ ಮಾತು ಎಲ್ಲವೂ ಒಮ್ಮೆಗೇ ಮೈಮೇಲೆ ಬಂದು, ಹೊರಜಗತ್ತಿನ ವಿವರವೇ ಅವರಿಗೆ ಹೊರೆಯಾಗುತ್ತದೆ. ಅಮೆರಿಕದ ಮನೋವೈದ್ಯ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿ ಈ ಇಂದ್ರಿಯ ಸೂಕ್ಷ್ಮತೆಯನ್ನು ಲಕ್ಷಣಗಳ ಪಟ್ಟಿಗೇ ಸೇರಿಸಿತು. ಬ್ಲಾಯ್ಲರರ ಮೂಲಾರ್ಥದಲ್ಲಿ ಬಳಸಿದೆವು ಎಂದು ಸಮರ್ಥಿಸಿಕೊಳ್ಳುವವರೂ ಇರಬಹುದು. ಆದರೆ 2000ದ ಹೊತ್ತಿಗೆ ಆ ಪದ ಕೇಳಿದ ಯಾವ ಫ್ರೆಂಚ್ ಓದುಗನಿಗೂ 1911ರ ಗ್ರಂಥ ನೆನಪಾಗುವ ಸಂಭವವಿರಲಿಲ್ಲ, ಮಗುವೊಂದರ ಮುಖ ನೆನಪಾಗುತ್ತಿತ್ತು.

ಇಷ್ಟು ತಲೆಕೆಳಗಾದ ರೂಪಕ ಅಷ್ಟು ಸಲೀಸಾಗಿ ಒಪ್ಪಿಗೆಯಾದದ್ದು ಹೇಗೆಂಬುದಕ್ಕೆ ಉತ್ತರ ಫ್ರಾನ್ಸಿನ ಮನೋವೈದ್ಯದ ಚರಿತ್ರೆಯಲ್ಲಿದೆ. ನಾಜಿಗಳ ಸೆರೆಶಿಬಿರಗಳಿಂದ ಪಾರಾಗಿ ಅಮೆರಿಕ ಸೇರಿದ ಬ್ರೂನೋ ಬೆಟಲ್‌ಹೈಮ್, 1967ರಲ್ಲಿ ಪ್ರಕಟಿಸಿದ ‘ಬರಿದಾದ ಕೋಟೆ’ ಎಂಬರ್ಥದ ಹೆಸರಿನ ಪುಸ್ತಕದಲ್ಲಿ, ತಾಯಿಯ ಪ್ರೀತಿರಹಿತ ಧೋರಣೆಗೆ ಬೆದರಿದ ಮಗು ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ ಎಂದು ವಾದಿಸಿದರು. ಮನೋವಿಜ್ಞಾನಿ ಬರ್ನಾರ್ಡ್ ರಿಮ್‌ಲ್ಯಾಂಡ್ ಇಂಥ ವಾದವನ್ನು 1964ರಲ್ಲೇ ಅಲ್ಲಗಳೆದಿದ್ದರು. ತಂದೆತಾಯಿಗಳ ಶೀತಲ ಸ್ವಭಾವದತ್ತ ಒಮ್ಮೆ ಬೆರಳು ತೋರಿದ್ದ ಕ್ಯಾನರ್ ಕೂಡ 1969ರಲ್ಲಿ ಪೋಷಕರ ಸಭೆಯೊಂದರಲ್ಲಿ ಅವರನ್ನು ದೋಷಮುಕ್ತರೆಂದು ಸಾರಿದರು. ಫ್ರಾನ್ಸಿನಲ್ಲಿ ಮಾತ್ರ ಮನೋವಿಶ್ಲೇಷಣೆ, ಅಂದರೆ ಫ್ರಾಯ್ಡ್ ಪರಂಪರೆಯ ಸುಪ್ತಮನಸ್ಸಿನ ಚಿಕಿತ್ಸಾಪದ್ಧತಿ, ಆಟಿಸಂ ಮೇಲಿನ ಹಿಡಿತವನ್ನು ಹೊಸ ಶತಮಾನದವರೆಗೂ ಸಡಿಲಿಸಲಿಲ್ಲ. ತಣ್ಣನೆಯ ಒದ್ದೆ ಬಟ್ಟೆಯಲ್ಲಿ ಮಗುವನ್ನು ಸುತ್ತಿಡುವ ‘ಪ್ಯಾಕಿಂಗ್’ ಎಂಬ ಚಿಕಿತ್ಸೆಯೂ ಅಲ್ಲಿ ನಡೆಯುತ್ತಿತ್ತು. ತಾಯಂದಿರು ಅಪರಾಧಿಗಳಾದರು, ಮಕ್ಕಳು ಶಾಲೆಯ ಬದಲು ಆಸ್ಪತ್ರೆಯ ಪಾಲಾದರು. ಆಟಿಸಂ ಇರುವವರ ಶಿಕ್ಷಣದಲ್ಲಿ ಫ್ರಾನ್ಸ್ ತನ್ನ ಹೊಣೆಯಲ್ಲಿ ತಪ್ಪಿದೆ ಎಂದು ಯುರೋಪಿನ ಸಾಮಾಜಿಕ ಹಕ್ಕುಗಳ ಸಮಿತಿ 2003ರಲ್ಲಿ ತೀರ್ಮಾನ ಕೊಟ್ಟಿತು. ಮನೋವಿಶ್ಲೇಷಣೆಯ ಉಪಯುಕ್ತತೆಯ ಬಗ್ಗೆ ಒಮ್ಮತವಿಲ್ಲ ಎಂದು ದೇಶದ ಉನ್ನತ ಆರೋಗ್ಯ ಪ್ರಾಧಿಕಾರ ಹೇಳಿದ್ದು, ಪ್ಯಾಕಿಂಗನ್ನು ಸಂಶೋಧನೆಯ ಚೌಕಟ್ಟಿನ ಹೊರಗೆ ವಿರೋಧಿಸಿದ್ದು 2012ರಲ್ಲಿ. ಆ ವರ್ಷದ ‘ಮಹಾ ರಾಷ್ಟ್ರೀಯ ಧ್ಯೇಯ’ವೆಂದು ಸರ್ಕಾರ ಆರಿಸಿದ್ದೂ ಆಟಿಸಂ ಅನ್ನೇ.

ಗೋಡೆ ಕಟ್ಟಿಕೊಂಡು ಒಳಗೆ ಕೂತವನು ಎಂಬ ಈ ಚಿತ್ರವೇ ರಾಜಕಾರಣಿಯ ಬೈಗುಳದಲ್ಲಿ ಇಂದಿಗೂ ಉಸಿರಾಡುತ್ತಿದೆ. ಮಂತ್ರಿ ಜನರ ಮಾತು ಕೇಳದಿರುವುದು ಅವನ ಆಯ್ಕೆ. ಆ ಆಯ್ಕೆಯನ್ನು ಆಟಿಸಂ ಎಂದು ಕರೆದಾಗ, ಮಗುವೂ ಕೇಳಬಾರದೆಂದೇ ಕೇಳುತ್ತಿಲ್ಲ ಎಂಬ ಬೆಟಲ್‌ಹೈಮ್ ವಾದ ಹಿಂಬಾಗಿಲಿನಿಂದ ಒಳಬರುತ್ತದೆ. ಸಂಶೋಧನೆ ಅಷ್ಟರಲ್ಲಿ ಬಹಳ ದೂರ ನಡೆದಿದೆ. ತಾವೂ ಆಟಿಸ್ಟಿಕ್ ಆಗಿರುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ ‘ಇಬ್ಬದಿಯ ಅನುಭೂತಿ ಸಮಸ್ಯೆ’ ಎಂಬ ಪರಿಕಲ್ಪನೆಯ ಪ್ರಕಾರ, ಆಟಿಸಂ ಇರುವವರಿಗೂ ಇಲ್ಲದವರಿಗೂ ನಡುವೆ ಮಾತು ಮುರಿದುಬಿದ್ದಾಗ ಅದರ ಅರ್ಧ ಹೊಣೆ ಇಲ್ಲದವರದೂ ಆಗಿರುತ್ತದೆ, ಏಕೆಂದರೆ ಅವರೂ ಎದುರಿನವರನ್ನು ಅರಿಯುವುದರಲ್ಲಿ ಸೋತಿರುತ್ತಾರೆ. ಒಂದು ಕಥೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ಪ್ರಯೋಗವೊಂದರ ಫಲಿತಾಂಶ 2020ರಲ್ಲಿ ಪ್ರಕಟವಾಯಿತು: ಆಟಿಸಂ ಇರುವವರದೇ ಸಾಲಿನಲ್ಲಿ ಕಥೆ ಇತರರ ಸಾಲಿನಲ್ಲಿದ್ದಷ್ಟೇ ಚೆನ್ನಾಗಿ ಉಳಿಯಿತು, ವಿವರಗಳು ಹೆಚ್ಚು ಸೋರಿದ್ದು ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ.

ಪದ ಬದಲಿಸಿದರೆ ಏನಾಗುತ್ತದೆ, ಹೊಸ ಪದವೂ ನಾಳೆ ಬೈಗುಳವಾಗುತ್ತದಲ್ಲ ಎಂಬ ಆಕ್ಷೇಪಕ್ಕೆ ಪುರಾವೆಯಿದೆ. ಸೆರೆಬ್ರಲ್ ಪಾಲ್ಸಿ ಇರುವವರಿಗಾಗಿ ದುಡಿಯುತ್ತಿದ್ದ ಬ್ರಿಟನ್ನಿನ ‘ಸ್ಪಾಸ್ಟಿಕ್ಸ್ ಸೊಸೈಟಿ’, ತನ್ನ ಹೆಸರೇ ಶಾಲಾ ಅಂಗಳಗಳ ಬೈಗುಳವಾದ್ದರಿಂದ 1994ರಲ್ಲಿ ‘ಸ್ಕೋಪ್’ ಎಂದು ಹೆಸರು ಬದಲಿಸಿಕೊಂಡರೆ, ಮಕ್ಕಳು ‘ಸ್ಕೋಪರ್’ ಎಂಬ ಹೊಸ ಬೈಗುಳ ಹುಟ್ಟಿಸಿದರು. ಆದರೆ ಇಲ್ಲಿ ಯಾರೂ ಹೊಸ ಪದ ಕೇಳುತ್ತಿಲ್ಲ. ಇರುವ ಪದವನ್ನು ಅದರ ಅರ್ಥದಲ್ಲೇ ಬಳಸಿ ಎಂಬುದಷ್ಟೇ ಬೇಡಿಕೆ. ಹಾಗಾದರೆ ‘ಜಾಣ ಕುರುಡು’, ‘ಜಾಣ ಕಿವುಡು’ ಎಂಬ ಕನ್ನಡ ಪತ್ರಿಕೆಗಳ ನಿತ್ಯದ ಶೀರ್ಷಿಕೆಗಳ ಗತಿಯೇನು ಎಂದು ಕೇಳಬಹುದು. ಅವೂ ನಿರ್ದೋಷವಲ್ಲ, ಆದರೂ ಅಧಿಕಾರಿಯ ಕುರುಡು ನಟನೆಯದೆಂದು ‘ಜಾಣ’ ಎಂಬ ವಿಶೇಷಣವೇ ಒಪ್ಪಿಕೊಳ್ಳುತ್ತದೆ, ಕುರುಡರ ಬಗ್ಗೆ ಅದು ಸುಳ್ಳು ಹೇಳುವುದಿಲ್ಲ. ‘ಆಟಿಸ್ಟಿಕ್ ಸರ್ಕಾರ’ ಎಂಬಲ್ಲಿ ಅಷ್ಟು ಪ್ರಾಮಾಣಿಕತೆಯೂ ಇಲ್ಲ.

ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ತಾನು ಗುರುತಿಸುವ 21 ಬಗೆಗಳಲ್ಲಿ ಸೇರಿಸಿದೆ; ಅಂಥ ವ್ಯಕ್ತಿಯನ್ನು ಸಾರ್ವಜನಿಕವಾಗಿ, ಬೇಕೆಂದೇ ಅವಮಾನಿಸಿದವರಿಗೆ ಅದರ 92ನೆಯ ಕಲಂ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲುಶಿಕ್ಷೆ ವಿಧಿಸುತ್ತದೆ. ‘ಆಂಖ್ ಮಿಚೋಲಿ’ ಎಂಬ ಹಿಂದಿ ಚಲನಚಿತ್ರದ ಮೇಲಿನ ದಾವೆಯಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ, ಅಂಗವೈಕಲ್ಯವನ್ನು ಅರಿಯಲು ನೆರವಾಗುವ ಹಾಸ್ಯವನ್ನೂ ಅಂಗವಿಕಲರನ್ನು ಕುಗ್ಗಿಸುವ ಹಾಸ್ಯವನ್ನೂ ಬೇರ್ಪಡಿಸಿ ದೃಶ್ಯಮಾಧ್ಯಮಕ್ಕೆ ಮಾರ್ಗಸೂಚಿ ನೀಡಿತು. ಆದರೆ ರೂಪಕವೊಂದು ಯಾವ ಒಬ್ಬ ವ್ಯಕ್ತಿಯನ್ನೂ ಗುರಿಯಾಗಿಸದೆ ಎಲ್ಲರನ್ನೂ ತಟ್ಟುವ ಕಾರಣ, ಅದನ್ನು ಜೈಲಿನ ಬೆದರಿಕೆಯಿಂದ ತಡೆಯಲಾಗದು, ತಡೆಯಲೂ ಬಾರದು. ಅದು ಸಂಪಾದಕರ ಮೇಜಿನಲ್ಲಿ ಆಗಬೇಕಾದ ಕೆಲಸ. ಕನ್ನಡ ಬರಹದಲ್ಲಿ ಈ ಬೈಗುಳ ಫ್ರೆಂಚಿನಲ್ಲಿದ್ದಂತೆ ಇನ್ನೂ ಬೇರುಬಿಟ್ಟಿಲ್ಲ, ಇಂಗ್ಲಿಷ್ ಮೀಮ್‌ಗಳ ದಾರಿಯಿಂದ ಬರುವ ಅಪಾಯವಂತೂ ಇದೆ. ಮೊಂಡ, ಹಠಮಾರಿ, ಉದ್ಧಟ, ದುರಹಂಕಾರಿ ಎಂಬ ಪದಗಳಿರುವ ಭಾಷೆಗೆ ಬೈಗುಳದ ಬರವೇನೂ ಇಲ್ಲವಾದ್ದರಿಂದ, ಕನ್ನಡದ ಪತ್ರಿಕೆಗಳೂ ಸುದ್ದಿವಾಹಿನಿಗಳೂ ಆಟಿಸಂ ಎಂಬ ಪದವನ್ನು ಆಟಿಸಂ ಇರುವವರ ಬಗ್ಗೆ ಬರೆಯುವಾಗ ಮಾತ್ರ ಬಳಸುವ ನಿಯಮವನ್ನು ಈಗಲೇ ತಮಗೆ ತಾವೇ ಹಾಕಿಕೊಳ್ಳಬೇಕು.