ಪೊಟ್ಟಣದೊಳಗಿನ ನಟಿ, ಏಲಕ್ಕಿ ಹಿಂದಿನ ನಟ

ಏಲಕ್ಕಿ ಮಾರೋಕೆ ಅಷ್ಟು ದೊಡ್ಡ ಹೀರೋ ಯಾಕೆ ಬೇಕು? ಟೀವಿ ನೋಡುವ ಮಕ್ಕಳು ಹೀಗೆ ಕೇಳಿದರೆ ಗದರಿಸಿ ಸುಮ್ಮನಾಗಿಸಬೇಡಿ. ಬಹಳ ಸರಿಯಾದ ಪ್ರಶ್ನೆ ಅದು. ಉತ್ತರಕ್ಕೆ ಸುಮಾರು 140 ವರ್ಷ ಹಿಂದಕ್ಕೆ ಹೋಗಬೇಕು.

ಅಮೆರಿಕದಲ್ಲಿ ಆಗ ಸಿಗರೇಟನ್ನು ಕೈಯಲ್ಲೇ ಸುತ್ತುತ್ತಿದ್ದರು, ನಮ್ಮಲ್ಲಿ ಬೀಡಿ ಕಟ್ಟುವಂತೆ. ನುರಿತ ಕೈ ದಿನಕ್ಕೆ ಎರಡು ಮೂರು ಸಾವಿರ ಸುತ್ತಿದರೆ ಹೆಚ್ಚು. 1880ರ ದಶಕದಲ್ಲಿ ಬಂದ ಬಾನ್‌ಸ್ಯಾಕ್ ಯಂತ್ರ ಹತ್ತು ಗಂಟೆಯಲ್ಲಿ ಸುಮಾರು 1,20,000 ಸುತ್ತಿತು. ಸಿಗರೇಟು ತಯಾರಿಸುತ್ತಿದ್ದ ಡ್ಯೂಕ್ ಕಂಪನಿ ಈ ಯಂತ್ರವನ್ನು ನೆಚ್ಚಿಕೊಂಡಿತು. ಮಾಲು ರಾಶಿ ಬಿತ್ತು, ಸೇದುವವರು ಅಷ್ಟಿರಲಿಲ್ಲ. ಸೇದದವರನ್ನು ಸೇದುವಂತೆ ಮಾಡಬೇಕಿತ್ತು.

ಆ ಕೆಲಸಕ್ಕೆ ರಂಗಭೂಮಿಯವರ ಮುಖ ಒದಗಿತು. 1884ರಲ್ಲಿ ಡ್ಯೂಕ್ ಕಂಪನಿಯ ಮಾರಾಟಗಾರನೊಬ್ಬ ಅಟ್ಲಾಂಟಾಕ್ಕೆ ಬಂದಿದ್ದ ನಟಿ ಮೇಡಂ ರಿಯಾ ಅವರನ್ನು ಒಪ್ಪಿಸಿ, ಸಿಗರೇಟು ಪೊಟ್ಟಣ ಹಿಡಿದ ಆಕೆಯ ಚಿತ್ರವನ್ನು ಜಾಹೀರಾತು ಮಾಡಿದ. ಮೆತ್ತನೆಯ ಕಾಗದದ ಪೊಟ್ಟಣದಲ್ಲಿ ಸಿಗರೇಟು ಮುರಿಯದಿರಲೆಂದು ಒಳಗಿಡುತ್ತಿದ್ದ ರಟ್ಟಿನ ತುಂಡಿನ ಮೇಲೂ ನಟಿಯರು, ಆಟಗಾರರು ಬಂದರು. ಆ್ಯಲನ್ ಅಂಡ್ ಗಿಂಟರ್ ಎಂಬ ಇನ್ನೊಂದು ಸಿಗರೇಟು ಕಂಪನಿ 1887ರಲ್ಲಿ ತಂದ ‘ವಿಶ್ವ ಚಾಂಪಿಯನ್ನರು’ ಸರಣಿಯನ್ನೇ ನೋಡಿ: ಒಟ್ಟು 50 ಚಿತ್ರ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು. ಆಟಗಾರರು, ಕುಸ್ತಿಪಟುಗಳ ಜೊತೆಗೆ ಬಂದೂಕಿನ ಪ್ರದರ್ಶನ ಕೊಡುತ್ತಿದ್ದ ಆ್ಯನಿ ಓಕ್ಲಿ ಕೂಡ ಅದರಲ್ಲಿದ್ದರು. ಚಿತ್ರದ ಹಿಂಬದಿಯಲ್ಲಿ ಸರಣಿಯ ಹೆಸರುಗಳ ಪಟ್ಟಿ. ಯಾವುದು ಸಿಕ್ಕಿದೆ, ಯಾವುದು ಸಿಕ್ಕಿಲ್ಲ ಎಂದು ಕೂಡಿಡುವವರಿಗೆ ತಕ್ಷಣ ತಿಳಿಯಬೇಕಲ್ಲ! ಬಿಟ್ಟುಹೋದ ಒಂದು ಚಿತ್ರಕ್ಕಾಗಿ ಇನ್ನೊಂದು ಪೊಟ್ಟಣ. ಇದು ಹುಡುಗರನ್ನೂ ಹಿಡಿಯಿತು. ನಟಿಯರ ಚಿತ್ರಗಳು ಎಷ್ಟು ಅತಿಯಾದವೆಂದರೆ, 1894ರಲ್ಲಿ ಡ್ಯೂಕ್ ಮನೆತನದ ಹಿರಿಯ ವಾಷಿಂಗ್ಟನ್ ಡ್ಯೂಕ್, ಕಂಪನಿ ನಡೆಸುತ್ತಿದ್ದ ಸ್ವಂತ ಮಗನಿಗೇ ಪತ್ರ ಬರೆದು ಆಕ್ಷೇಪಿಸಿದರು.

ನಮ್ಮ ಕಡೆಯೂ ಕಲಾವಿದರ ಮುಖ ಸರಕಿನ ಮೇಲೇರಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಅವರ ಚಿತ್ರ ಆಸ್ಟ್ರಿಯಾದ ಬೆಂಕಿಪೊಟ್ಟಣಗಳ ಮೇಲೆ ಬಂತು. ದೇಶವೆಲ್ಲ ಗುರುತಿಸುತ್ತಿದ್ದ ಆ ಗಾಯಕಿ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಈಗ ಸಿಗರೇಟು, ಬೀಡಿ ಪೊಟ್ಟಣದ ಮೇಲೆ ನಟಿಯಿಲ್ಲ. 2003ರ ಕಾಯ್ದೆ ತಂಬಾಕಿನ ಜಾಹೀರಾತು ನಿಲ್ಲಿಸಿತು. 2016ರಿಂದ ಪೊಟ್ಟಣದ ಮುಖ್ಯ ಬದಿಗಳ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಮತ್ತು ಬರಹವಿದೆ. ಚಿತ್ರದ ಶಕ್ತಿಯನ್ನು ಚಿತ್ರದಿಂದಲೇ ಎದುರಿಸುವ ಈ ಕ್ರಮ ನನಗೆ ಸರಿ ಎನಿಸುತ್ತದೆ. ಆದರೆ ತಾರೆಯ ಮುಖ ಮಾತ್ರ ಬೇರೆ ಬಾಗಿಲಿಂದ ಒಳಗೆ ಬಂದಿದೆ. ಒಂದೇ ಕಂಪನಿಯ ತಂಬಾಕಿಗೂ ಏಲಕ್ಕಿಗೂ ಹೆಸರು ಒಂದೇ, ಅಕ್ಷರ ಒಂದೇ, ಬಣ್ಣ ಒಂದೇ. ಟೀವಿಯಲ್ಲಿ ನಟ ಹೊಗಳುವುದು ಏಲಕ್ಕಿಯನ್ನು. ತುಮಕೂರು ಜಿಲ್ಲೆಯ ಹೊನ್ನವಳ್ಳಿಯ ಹುಡುಗ ಅಂಗಡಿಯಲ್ಲಿ ನೆನಪಿಸಿಕೊಳ್ಳುವುದು ಆ ಹೆಸರನ್ನು.

ಇಂಥ ಬದಲಿ ಜಾಹೀರಾತನ್ನು ಕೇಂದ್ರದ 2022ರ ಮಾರ್ಗಸೂಚಿ ನಿಷೇಧಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ದೂರು ಕೊಡಲು ದೆಹಲಿಗೆ ಹೋಗಬೇಕಿಲ್ಲ, ನಿಮ್ಮ ಜಿಲ್ಲಾಧಿಕಾರಿಗೆ ಬರೆದರೂ ಸಾಕು. ದಯವಿಟ್ಟು ಬರೆಯಿರಿ.